ಪ್ರಮಾಣ ದೊರೆಯದ ನುಡಿ

ಮನುಷ್ಯನು ಆಡುವ ನುಡಿಗಳಲ್ಲಿ ಮೂರು ಬಗೆಯುಂಟು. ಪ್ರಮಾಣದಿಂದ ಸ್ಥಿರಪಟ್ಟ ನುಡಿ ಒಂದು. ಪ್ರಮಾಣಕ್ಕೆ ವಿರುದ್ಧವಾದ ನುಡಿ ಇನ್ನೊಂದು. ಮೊದಲನೆಯದನ್ನು ಸತ್ಯವೆಂದು ಸ್ವೀಕರಿಸುವುದೂ ಎರಡನೆಯದನ್ನು ಮಿಥ್ಯೆಯೆಂದು ಬಿಡುವುದೂ ವಿವೇಕಿಗೆ ಕಷ್ಟವಲ್ಲ. ತೊಡಕಿರುವುದು ಮೂರನೆಯ ಬಗೆಯಲ್ಲಿ. ಕೇಳುವುದಕ್ಕೆ ಸುಂದರವಾಗಿದ್ದು, ತನ್ನೊಳಗೆ ವಿರೋಧವಿಲ್ಲದೆ, ಪಂಡಿತರ ಮನ್ನಣೆಯನ್ನೂ ಪಡೆದಿದ್ದು, ಆದರೂ ಅಹುದೆಂದಾಗಲಿ ಅಲ್ಲವೆಂದಾಗಲಿ ಹೇಳಬಲ್ಲ ಸಾಕ್ಷಿ ಇನ್ನೂ ದೊರೆಯದಿರುವ ನುಡಿ ಅದು. ಇಂತಹ ನುಡಿಯನ್ನು ಆಡಬಹುದೇ? ಆಡಿದರೆ ಆಡುವವನ ಧರ್ಮವೇನು? ಕೇಳುವವನ ಧರ್ಮವೇನು? ಇದೇ ಪ್ರಕೃತ ಲೇಖನದ ವಿಚಾರ.

ಈ ವಿಚಾರಕ್ಕೆ ಭೌತವಿಜ್ಞಾನದ ಒಂದು ಪ್ರಸಂಗವನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಮಠದ ಮಾಸಪತ್ರಿಕೆಯಲ್ಲಿ ಈ ಮಾತೇಕೆ ಎಂದು ಭಕ್ತ ಮಹಾಶಯರು ಶಂಕಿಸಬಹುದು. ಪ್ರಶ್ನೆಯು ನಮ್ಮ ತರ್ಕ ಮೀಮಾಂಸೆಗಳಷ್ಟು ಹಳೆಯದಾದರೂ ಇಂದು ಅದು ಅತ್ಯಂತ ತೀಕ್ಷ್ಣವಾಗಿ ಎದ್ದು ನಿಂತಿರುವುದು ಭೌತವಿಜ್ಞಾನಿಗಳ ಅಂಗಳದಲ್ಲಿ. ಮೇಲಾಗಿ ಅವರ ಪರಿಪಕ್ವವಾಗದ ಮಾತುಗಳನ್ನು ನಮ್ಮ ವೇದಿಕೆಗಳ ಮೇಲೆ ತಂದು, ವಿಜ್ಞಾನವೂ ನಮ್ಮ ತತ್ತ್ವವನ್ನು ಒಪ್ಪಿತೆಂದು ಸಾರುವ ವಾಡಿಕೆ ಬೆಳೆಯುತ್ತಿದೆ. ಆ ಸಾರಿಕೆಯ ತೂಕವನ್ನು ಅರಿಯಬೇಕಾದರೆ ಮೊದಲು ಅವರ ಕಷ್ಟವನ್ನು ಅರಿಯಬೇಕು.

ಭೌತವಿಜ್ಞಾನವು ಇಂದು ಎರಡು ಮಹಾಸಿದ್ಧಾಂತಗಳ ಮೇಲೆ ನಿಂತಿದೆ. ಮೊದಲನೆಯದು 1915ರಲ್ಲಿ ಐನ್‌ಸ್ಟೈನರು ಪೂರ್ಣಗೊಳಿಸಿದ ಸಾಪೇಕ್ಷತಾ ಸಿದ್ಧಾಂತ. ಗುರುತ್ವಾಕರ್ಷಣವೆಂಬುದು ದೇಶಕಾಲಗಳ ಬಾಗುವಿಕೆಯೇ ಹೊರತು ಬೇರೊಂದು ಬಲವಲ್ಲವೆಂದು ಅದು ಹೇಳುತ್ತದೆ. 1919ರ ಮೇ 29ರ ಸೂರ್ಯಗ್ರಹಣದಲ್ಲಿ ನಕ್ಷತ್ರಗಳ ಬೆಳಕು ಸೂರ್ಯನ ಬಳಿ ಬಾಗಿದುದನ್ನು ಅಳೆದು ನೋಡಿದಾಗ ಆ ನುಡಿಗೆ ಆಕಾಶವೇ ಸಾಕ್ಷಿ ಹೇಳಿತು. ಎರಡನೆಯದು 1925ರಿಂದೀಚೆಗೆ ರೂಪುಗೊಂಡ ಕ್ವಾಂಟಂ ಸಿದ್ಧಾಂತ. ಅಣು, ಪರಮಾಣು, ಬೆಳಕಿನ ಕಣ ಮೊದಲಾದ ಅತಿಸೂಕ್ಷ್ಮ ವಸ್ತುಗಳ ನಡೆಯನ್ನು ಅದು ವಿವರಿಸುತ್ತದೆ. ಇದಕ್ಕೆ ದೊರೆತಿರುವ ಸಾಕ್ಷಿಗಳು ಲೆಕ್ಕಕ್ಕೆ ಮೀರಿದವು. ಹೀಗೆ ಎರಡೂ ಪರೀಕ್ಷೆಯಲ್ಲಿ ಗೆದ್ದ ನುಡಿಗಳೇ.

ಆದರೆ ಇವೆರಡೂ ಒಂದೇ ಮನೆಯಲ್ಲಿ ಪಾಲಾಗಿ ಬಾಳುವ ಅಣ್ಣತಮ್ಮಂದಿರಂತೆ ಇವೆ. ಒಂದು ಗ್ರಹನಕ್ಷತ್ರಗಳ ಭಾಗವನ್ನೂ ಮತ್ತೊಂದು ಕಣಗಳ ಭಾಗವನ್ನೂ ನೋಡಿಕೊಳ್ಳುವವರೆಗೆ ಜಗಳವಿಲ್ಲ. ನಡುಗೋಡೆಯ ಪ್ರಶ್ನೆ ಬಂದಾಗಲೇ ವಿರೋಧ ತಲೆದೋರುತ್ತದೆ. ಒಂದು ಕಣವು ಅಳೆದು ನೋಡುವವರೆಗೆ ಇಲ್ಲಿಯೂ ಅಲ್ಲಿಯೂ ಏಕಕಾಲದಲ್ಲಿ ಇರುವ ಸ್ಥಿತಿಯಲ್ಲಿರಬಹುದೆಂದು ಕ್ವಾಂಟಂ ಸಿದ್ಧಾಂತ ಹೇಳುತ್ತದೆ. ಹಾಗಾದರೆ ಆ ಕಣದ ಗುರುತ್ವಾಕರ್ಷಣವು ಎತ್ತ ಸೆಳೆಯುತ್ತದೆ? ಇತ್ತಲೋ, ಅತ್ತಲೋ, ಎರಡೂ ಕಡೆಗೋ? ಬಾಲಕನೂ ಕೇಳಬಹುದಾದ ಈ ಪ್ರಶ್ನೆಯನ್ನು ಅಮೆರಿಕದ ಚಾಪೆಲ್ ಹಿಲ್ ಎಂಬ ಊರಿನಲ್ಲಿ 1957ರಲ್ಲಿ ಕೂಡಿದ ವಿದ್ವತ್ಸಭೆಯಲ್ಲಿ ಫೈನ್‌ಮನ್ ಎಂಬ ವಿಜ್ಞಾನಿ ಎತ್ತಿದರು. ಪ್ರಯೋಗದಿಂದ ಇತ್ಯರ್ಥವಾದ ಉತ್ತರವು ಇಂದಿಗೂ ಇಲ್ಲ. ಕೃಷ್ಣರಂಧ್ರಗಳ ಗರ್ಭದಲ್ಲಿಯೂ ವಿಶ್ವದ ಆದಿಯಲ್ಲಿಯೂ ಎರಡು ಸಿದ್ಧಾಂತಗಳು ಕೂಡಿಯೇ ಮಾತನಾಡಬೇಕಾಗಿದೆ. ಕೂಡಿಸಿದರೆ ಲೆಕ್ಕವು ಒಡೆದುಹೋಗುತ್ತದೆ. ಇವೆರಡನ್ನೂ ಸಮನ್ವಯಗೊಳಿಸುವ ಸಿದ್ಧಾಂತದ ಹುಡುಕಾಟಕ್ಕೇ ಕ್ವಾಂಟಂ ಗುರುತ್ವದ ಸಂಶೋಧನೆಯೆಂದು ಹೆಸರು.

ಹಾಗಿದ್ದರೆ ಪ್ರಯೋಗ ಮಾಡಿ ನೋಡಬಾರದೇ ಎಂದರೆ, ಅಲ್ಲಿಯೇ ಇದೆ ಕಷ್ಟ. ಎರಡೂ ಸಿದ್ಧಾಂತಗಳು ಸಮಬಲವಾಗಿ ಸೇರುವ ಅಳತೆಗೆ ಪ್ಲಾಂಕ್ ಅಳತೆಯೆಂದು ಹೆಸರು. ದಶಾಂಶ ಬಿಂದುವಿನ ಮುಂದೆ 34 ಸೊನ್ನೆಗಳನ್ನಿಟ್ಟು ಅನಂತರ 16 ಎಂದು ಬರೆದರೆ ಅಷ್ಟು ಮೀಟರು. ಇದು ಊಹೆಗೆ ನಿಲುಕುವಂತಹುದಲ್ಲವಾದ್ದರಿಂದ ಹೀಗೆ ನೋಡೋಣ. ಆ ಅಳತೆಯನ್ನು ಒಂದು ರಾಗಿಯ ಕಾಳಿನಷ್ಟು ಹಿಗ್ಗಿಸಿದೆವೆಂದಿಟ್ಟುಕೊಳ್ಳಿ. ಅದೇ ಪ್ರಮಾಣದಲ್ಲಿ ಪರಮಾಣುವಿನ ಗರ್ಭದಲ್ಲಿರುವ ಒಂದು ಪ್ರೋಟಾನನ್ನು ಹಿಗ್ಗಿಸಿದರೆ, ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ಬೆಳಕು ಸಾಗಲು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಬೇಕು! ಜಿನೀವಾ ನಗರದ ಬಳಿ 27 ಕಿಲೋಮೀಟರು ಸುತ್ತಳತೆಯ ಸುರಂಗದಲ್ಲಿ ಕಣಗಳನ್ನು ಡಿಕ್ಕಿ ಹೊಡೆಸುವ ಮಹಾಯಂತ್ರವಿದೆ. 2022ರಲ್ಲಿ ಅದು ಮುಟ್ಟಿದ ಶಕ್ತಿಗಿಂತ, ಈ ಅಳತೆಯನ್ನು ನೇರವಾಗಿ ಕಾಣಲು ಬೇಕಾದ ಶಕ್ತಿಯು ಸುಮಾರು 1ರ ಮುಂದೆ 15 ಸೊನ್ನೆಗಳನ್ನಿಟ್ಟಷ್ಟು ಪಟ್ಟು ಹೆಚ್ಚು.

ಇದು ಕೇವಲ ಯಂತ್ರದ ಬಡತನವಲ್ಲ. ಲೆನಿನ್‌ಗ್ರಾಡಿನ ತರುಣ ವಿಜ್ಞಾನಿ ಮಟ್ವೆಯ್ ಬ್ರಾನ್‌ಸ್ಟೈನ್ 1936ರಲ್ಲಿಯೇ ಇದರ ಆಳವನ್ನು ತೋರಿಸಿದನು. ಗುರುತ್ವವನ್ನು ಅತಿ ಸಣ್ಣ ಎಡೆಯಲ್ಲಿ ನಿಖರವಾಗಿ ಅಳೆಯಬೇಕಾದರೆ ಅಳೆಯುವ ವಸ್ತುವು ಅತಿ ಸಣ್ಣದಾಗಿಯೂ ಅತಿ ಭಾರವಾಗಿಯೂ ಇರಬೇಕು. ಅಂತಹ ವಸ್ತುವು ಒಂದು ಮಿತಿಯನ್ನು ಮೀರಿದರೆ ತನ್ನ ಭಾರದಿಂದ ತಾನೇ ಸುತ್ತಲಿನ ದೇಶವನ್ನು ಮುಚ್ಚಿಬಿಡುತ್ತದೆ. ಅಳೆಯಹೋದ ಕೋಲೇ ಅಳೆಯಬೇಕಾದುದನ್ನು ನುಂಗಿದಂತಾಯಿತು. ಆದುದರಿಂದ ದೇಶ, ಕಾಲ ಎಂಬ ನಮ್ಮ ಕಲ್ಪನೆಗಳನ್ನೇ ಬಿಟ್ಟು ಇನ್ನೂ ಆಳವಾದ ಕಲ್ಪನೆಗಳನ್ನು ಹುಡುಕಬೇಕಾಗಬಹುದೆಂದು ಆತನು ಬರೆದನು. ತನ್ನ ಶಾಸ್ತ್ರದ ನುಡಿಗೆ ಎಲ್ಲೆ ಎಲ್ಲಿದೆಯೆಂದು ತಾನೇ ಅಳೆದು ತೋರಿಸಿದ ಪ್ರಾಮಾಣಿಕತೆ ಇದು.

ಪ್ರತ್ಯಕ್ಷವು ಹೀಗೆ ದೂರವಾದಾಗ ವಿದ್ವಾಂಸರು ಯುಕ್ತಿಯ ಬಲದಿಂದ ಮುಂದೆ ನಡೆದರು. ಮೂಲವಸ್ತುಗಳು ಬಿಂದುಗಳಲ್ಲ, ಕಂಪಿಸುವ ತಂತುಗಳು ಎಂಬುದು ಒಂದು ಪಕ್ಷ. ದೇಶವೇ ಸಣ್ಣ ಸಣ್ಣ ಕುಣಿಕೆಗಳಿಂದ ನೆಯ್ದ ಬಟ್ಟೆಯಂತಿದೆ ಎಂಬುದು ಇನ್ನೊಂದು ಪಕ್ಷ. ಈ ಎರಡನೆಯದಕ್ಕೆ ಅಸ್ತಿಭಾರವಾದುದು ನಮ್ಮ ದೇಶದಲ್ಲಿ ಹುಟ್ಟಿದ ಅಭಯ ಅಷ್ಟೇಕರರು 1986ರಲ್ಲಿ ನೀಡಿದ ಹೊಸ ಗಣಿತರೂಪ. ತಂತುಪಕ್ಷದಲ್ಲಿ ಅಶೋಕ ಸೇನರ ಹೆಸರು ಲೋಕವಿಖ್ಯಾತವಾಗಿದೆ. ಎರಡು ಪಕ್ಷಗಳಲ್ಲಿಯೂ ಅಸಾಧಾರಣ ಬುದ್ಧಿವೈಭವವಿದೆ. ಯಾವುದೊಂದಕ್ಕೂ ಪ್ರಕೃತಿಯ ಸಾಕ್ಷಿ ಇನ್ನೂ ಬಂದಿಲ್ಲ.

ಇಲ್ಲಿ ಪೂರ್ವಪಕ್ಷವೊಂದು ಎದ್ದಿತು. ರಿಚರ್ಡ್ ಡಾವಿಡ್ ಎಂಬ ತತ್ತ್ವಶಾಸ್ತ್ರಜ್ಞರು 2013ರಲ್ಲಿ ಗ್ರಂಥವೊಂದನ್ನು ಬರೆದು, ಪ್ರಯೋಗವಿಲ್ಲದಿದ್ದರೂ ಸಿದ್ಧಾಂತದ ಮೇಲೆ ವಿಶ್ವಾಸವಿಡಲು ಕಾರಣಗಳುಂಟೆಂದು ವಾದಿಸಿದರು. ಎಷ್ಟು ಹುಡುಕಿದರೂ ಬೇರೆ ದಾರಿ ಸಿಕ್ಕಿಲ್ಲ. ಇದೇ ಪರಂಪರೆಯ ಹಿಂದಿನ ಸಿದ್ಧಾಂತಗಳು ಗೆದ್ದಿವೆ. ಒಂದಕ್ಕಾಗಿ ಕಟ್ಟಿದುದು ನಿರೀಕ್ಷಿಸದ ಇನ್ನೊಂದನ್ನೂ ವಿವರಿಸುತ್ತಿದೆ ಎಂದು ಮುಖ್ಯವಾಗಿ ಮೂರು ಕಾರಣಗಳು. ಇದಕ್ಕೆ ಪ್ರತಿಯಾಗಿ ಜಾರ್ಜ್ ಎಲ್ಲಿಸ್ ಮತ್ತು ಜೋ ಸಿಲ್ಕ್ ಎಂಬ ಹಿರಿಯ ವಿಜ್ಞಾನಿಗಳು 2014ರ ಡಿಸೆಂಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಎಚ್ಚರಿಕೆಯ ಲೇಖನವನ್ನು ಬರೆದರು. ಪರೀಕ್ಷೆಯ ನಿಯಮವನ್ನು ಸಡಿಲಿಸಿದರೆ ವಿಜ್ಞಾನದ ಮರ್ಯಾದೆಯೇ ಹೋದೀತೆಂಬುದು ಅವರ ಆತಂಕ. ಮರುವರ್ಷ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಉಭಯಪಕ್ಷದವರೂ ಸಭೆ ಸೇರಿ ವಾದಿಸಿದರು.

ಈ ವಾದವನ್ನು ನಮ್ಮ ತರ್ಕದ ಒರೆಗಲ್ಲಿಗೆ ಹಚ್ಚಿ ನೋಡಬಹುದು. ದೇವದತ್ತನು ದಪ್ಪಗಿದ್ದಾನೆ, ಹಗಲಿನಲ್ಲಿ ಉಣ್ಣುವುದಿಲ್ಲ, ಆದುದರಿಂದ ರಾತ್ರಿಯಲ್ಲಿ ಉಣ್ಣುತ್ತಾನೆ. ಅರ್ಥಾಪತ್ತಿಗೆ ಕೊಡುವ ಈ ನಿದರ್ಶನವನ್ನು ನಮ್ಮ ಪಾಠಶಾಲೆಯ ಮಕ್ಕಳೂ ಬಲ್ಲರು. ಬೇರೆ ಗತಿಯಿಲ್ಲದ್ದರಿಂದ ಇದೇ ಸರಿ ಎಂಬುದು ಇಲ್ಲಿಯ ನ್ಯಾಯ. ಆದರೆ ವೈದ್ಯನೊಬ್ಬನು ಬಂದು ದೇವದತ್ತನ ಕಾಲನ್ನು ಬೆರಳಿನಿಂದ ಒತ್ತಿ ನೋಡಿ, ಇದು ಪುಷ್ಟಿಯಲ್ಲ, ಬಾವು ಎಂದರೆ? ರಾತ್ರಿಯ ಊಟವೂ ಹೋಯಿತು, ನಮ್ಮ ಸಿದ್ಧಾಂತವೂ ಹೋಯಿತು. ಬೇರೆ ಗತಿಯಿಲ್ಲ ಎಂಬ ಮಾತಿಗೆ ಬೆಲೆ ಬರುವುದು ಇರುವ ಗತಿಗಳನ್ನೆಲ್ಲ ಎಣಿಸಿ ಮುಗಿಸಿದ ಮೇಲೆ. ನಮಗೆ ತೋಚಲಿಲ್ಲ ಎಂಬುದು ನಮ್ಮ ಬುದ್ಧಿಯ ವಿಷಯ. ಬೇರೆ ಇಲ್ಲ ಎಂಬುದು ಜಗತ್ತಿನ ವಿಷಯ. ಮೊದಲನೆಯದರಿಂದ ಎರಡನೆಯದಕ್ಕೆ ಹಾರುವುದು ಹೇತ್ವಾಭಾಸ. ಆ ಮೂರು ಕಾರಣಗಳು ಹುಡುಕಾಟವನ್ನು ಮುಂದುವರಿಸಲು ಸಾಕು. ಸಿಕ್ಕಿತೆಂದು ಸಾರಲು ಸಾಲವು.

ಸೌಂದರ್ಯವೂ ಪ್ರಮಾಣವಲ್ಲ. 1596ರಲ್ಲಿ ಕೆಪ್ಲರನು ಐದು ಸಮಘನಾಕೃತಿಗಳನ್ನು ಒಂದರೊಳಗೊಂದು ಜೋಡಿಸಿ, ಅವುಗಳ ನಡುವಣ ಎಡೆಗಳಲ್ಲಿಯೇ ಆರು ಗ್ರಹಗಳು ಸುತ್ತುತ್ತವೆಂದು ಪ್ರತಿಪಾದಿಸಿದನು. ಆಕೃತಿಗಳು ಐದೇ, ಗ್ರಹಗಳು ಆರೇ. ಇದಕ್ಕಿಂತ ಸುಂದರವಾದ ಹೊಂದಿಕೆ ಯಾವುದಿದ್ದೀತು! ಆದರೆ 1781ರಲ್ಲಿ ಏಳನೆಯ ಗ್ರಹವು ಕಣ್ಣಿಗೆ ಬಿದ್ದಿತು. ಆ ಸೊಬಗೆಲ್ಲ ಬರಿಯ ಚಿತ್ರವಾಗಿ ಉಳಿಯಿತು. ಇದೇ ಕೆಪ್ಲರನು ಮಂಗಳಗ್ರಹದ ಗತಿಯನ್ನು ಲೆಕ್ಕ ಹಾಕುವಾಗ, ವೃತ್ತವನ್ನು ನಂಬಿ ಕಟ್ಟಿದ ತನ್ನ ಗಣಿತಕ್ಕೂ ಟೈಕೋನ ವೀಕ್ಷಣೆಗೂ 8 ಕಲೆಗಳಷ್ಟು ಅಂತರ ಬಂದಿತು. ಒಂದು ಅಂಶದ ಏಳನೆಯ ಒಂದು ಪಾಲೂ ಆಗದ ಅಂತರವದು. ಆತನು ಅದನ್ನು ಮುಚ್ಚಿಡಲಿಲ್ಲ. ವರ್ಷಗಳ ದುಡಿಮೆಯನ್ನು ಬದಿಗಿಟ್ಟು ಹೊಸದಾಗಿ ತೊಡಗಿ, ಗ್ರಹವು ದೀರ್ಘವೃತ್ತದಲ್ಲಿ ನಡೆಯುತ್ತದೆಂಬ ಸತ್ಯವನ್ನು 1609ರಲ್ಲಿ ಲೋಕಕ್ಕೆ ಕೊಟ್ಟನು. ಕೆಪ್ಲರನನ್ನು ದೊಡ್ಡವನನ್ನಾಗಿ ಮಾಡಿದುದು ಆ ಐದು ಆಕೃತಿಗಳಲ್ಲ, ಆ 8 ಕಲೆಗಳು.

ಹಾಗಾದರೆ ಸಾಕ್ಷಿ ದೊರೆಯದ ನುಡಿಯನ್ನು ಆಡಲೇಬಾರದೆಂದು ವಿಧಿಸೋಣವೇ? ಅದೂ ಅವಿವೇಕವೇ. ನಮ್ಮ ಕನ್ನಡನಾಡಿನ ಸಿ. ವಿ. ವಿಶ್ವೇಶ್ವರರ ಉದಾಹರಣೆಯನ್ನು ನೋಡಿರಿ. ಕೃಷ್ಣರಂಧ್ರಗಳು ನಿಜವಾಗಿ ಇವೆಯೋ ಇಲ್ಲವೋ ಎಂದು ಬಲ್ಲವರೇ ಅನುಮಾನಿಸುತ್ತಿದ್ದ ಕಾಲದಲ್ಲಿ, 1970ರಲ್ಲಿ, ಅವರು ಒಂದು ಲೆಕ್ಕವನ್ನು ಪ್ರಕಟಿಸಿದರು. ಕೃಷ್ಣರಂಧ್ರವನ್ನು ಕದಡಿದರೆ ಅದು ಬಾರಿಸಿದ ಗಂಟೆಯಂತೆ ಒಂದು ನಿಯತವಾದ ಸ್ವರದಲ್ಲಿ ಕಂಪಿಸಿ, ಆ ಕಂಪನವು ಕ್ರಮೇಣ ಅಡಗುತ್ತದೆ ಎಂಬುದು ಅದರ ಫಲ. ಅದನ್ನು ಕೇಳುವ ಕಿವಿ ಅಂದು ಲೋಕದಲ್ಲಿಯೇ ಇರಲಿಲ್ಲ. 45 ವರ್ಷಗಳು ಕಳೆದು, 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಉಪಕರಣಗಳು ಎರಡು ಕೃಷ್ಣರಂಧ್ರಗಳು ಕೂಡಿ ಒಂದಾದಾಗ ಹೊಮ್ಮಿದ ಅಲೆಯನ್ನು ಹಿಡಿದವು. ಆ ಅಲೆಯ ಕೊನೆಯ ಭಾಗವು ಇಂತಹ ಅಡಗುವ ಕಂಪನಕ್ಕೆ ಹೊಂದಿಕೊಳ್ಳುವಂತೆಯೇ ಇದ್ದಿತು. ಬೆಂಗಳೂರಿನ ತಾರಾಲಯದ ಸ್ಥಾಪಕ ನಿರ್ದೇಶಕರಾಗಿ ಸಾವಿರಾರು ಮಕ್ಕಳಿಗೆ ಆಕಾಶವನ್ನು ತೋರಿಸಿದ ಆ ಹಿರಿಯರು ಈ ಸುದ್ದಿಯನ್ನು ಕೇಳುವ ಭಾಗ್ಯವನ್ನು ಪಡೆದು 2017ರ ಜನವರಿಯಲ್ಲಿ ತೀರಿಕೊಂಡರು. ತತ್‌ಕ್ಷಣ ಸಾಕ್ಷಿ ಬೇಕೆಂದು ಹಟ ಹಿಡಿದಿದ್ದರೆ ಆ ನುಡಿ 1970ರಲ್ಲಿಯೇ ಕಸದ ಬುಟ್ಟಿಗೆ ಹೋಗುತ್ತಿತ್ತು.

ಆದುದರಿಂದ ಸಾಕ್ಷಿ ತಡವಾಗಿ ಬರುವುದು ದೋಷವಲ್ಲ. ಕಾಯುತ್ತಿರುವಾಗ ನುಡಿದವನು ಹೇಗೆ ನಡೆದುಕೊಂಡನೆಂಬುದೇ ಧರ್ಮಾಧರ್ಮಗಳ ನೆಲೆ. ಈ ನಡೆಯಲ್ಲಿ ಮೂರು ಅಂಗಗಳನ್ನು ಕಾಣಬಹುದು.

ಮೊದಲನೆಯದು, ಊಹೆಯನ್ನು ಊಹೆಯೆಂದೇ ಕರೆಯುವುದು. ಬೀಜವನ್ನು ಬೀಜವೆಂದು ಮಾರಿದರೆ ವ್ಯಾಪಾರ, ಫಲವೆಂದು ಮಾರಿದರೆ ಮೋಸ.

ಎರಡನೆಯದು, ತನ್ನ ನುಡಿ ಸೋಲಬಹುದಾದ ಬಾಗಿಲನ್ನು ತಾನೇ ತೆರೆದಿಡುವುದು. ದೇಶವು ಅತಿಸೂಕ್ಷ್ಮದಲ್ಲಿ ಹರಳು ಹರಳಾಗಿದ್ದರೆ, ಹೆಚ್ಚು ಶಕ್ತಿಯ ಬೆಳಕು ಕಡಿಮೆ ಶಕ್ತಿಯ ಬೆಳಕಿಗಿಂತ ಕೊಂಚ ಹಿಂದೆ ಬೀಳಬಹುದೆಂದು ಕೆಲವರು ನುಡಿದಿದ್ದರು. 2009ರ ಮೇ 10ರಂದು ಸುಮಾರು 730 ಕೋಟಿ ವರ್ಷ ಪ್ರಯಾಣ ಮಾಡಿದ್ದ ಒಂದು ಮಹಾಸ್ಫೋಟದ ಬೆಳಕು ಫರ್ಮಿ ಎಂಬ ಉಪಗ್ರಹವನ್ನು ತಲಪಿತು. ಹೆಚ್ಚು ಶಕ್ತಿಯ ಕಣಕ್ಕೂ ಕಡಿಮೆ ಶಕ್ತಿಯವುಗಳಿಗೂ ನಡುವೆ ಬಿದ್ದ ಅಂತರವು ಒಂದು ಸೆಕೆಂಡಿಗಿಂತಲೂ ಕಡಿಮೆ. ಆ ಊಹೆಯ ಅತಿ ಸರಳವಾದ ರೂಪಕ್ಕೆ ಅಲ್ಲಿಗೆ ದೊಡ್ಡ ಪೆಟ್ಟು ಬಿದ್ದಿತು. ಸೋತರೂ ಅದು ಗೌರವದ ಸೋಲು. ಪರೀಕ್ಷೆಗೆ ನಿಂತವನು ಮಾತ್ರ ಸೋಲಬಲ್ಲನು. ಇದಕ್ಕೆ ಬದಲಾಗಿ, ಜಿನೀವಾದ ಯಂತ್ರದಲ್ಲಿ ಕಾಣಿಸುತ್ತವೆಂದು ಬಹುಮಂದಿ ನಿರೀಕ್ಷಿಸಿದ್ದ ಹೊಸ ಜೋಡಿಕಣಗಳು ಕಾಣದೆಹೋದಾಗ, ಅವು ಇನ್ನೂ ಹೆಚ್ಚಿನ ಶಕ್ತಿಯಲ್ಲಿ ಅಡಗಿವೆಯೆಂದು ಗೆರೆಯನ್ನು ಮುಂದೆ ಮುಂದೆ ಸರಿಸಿದವರೂ ಉಂಟು. ಒಮ್ಮೆ ಸರಿಸುವುದು ತಪ್ಪಲ್ಲದಿರಬಹುದು. ಎಂದೆಂದಿಗೂ ಸರಿಸಬಲ್ಲ ಗೆರೆಯು ಗೆರೆಯೇ ಅಲ್ಲ.

ಮೂರನೆಯದು, ಸೋತಾಗ ಸೋತೆನೆಂದು ಹತ್ತು ಜನರೆದುರಿಗೆ ಹೇಳುವುದು. 2014ರ ಮಾರ್ಚಿನಲ್ಲಿ ದಕ್ಷಿಣ ಧ್ರುವದಲ್ಲಿ ಕೆಲಸ ಮಾಡುತ್ತಿದ್ದ ಬೈಸೆಪ್ ಎಂಬ ಸಂಶೋಧಕರ ತಂಡವು ವಿಶ್ವದ ಆದಿಯ ಗುರುತ್ವದ ಅಲೆಗಳ ಗುರುತು ಸಿಕ್ಕಿತೆಂದು ಘೋಷಿಸಿತು, ಜಗತ್ತೆಲ್ಲ ಹಿಗ್ಗಿತು. ಪ್ಲಾಂಕ್ ಉಪಗ್ರಹದ ಬಳಗದೊಡನೆ ಕೂಡಿ ಮರಳಿ ಪರೀಕ್ಷಿಸಿದಾಗ, ಕಂಡ ಗುರುತಿನ ಬಹುಭಾಗವು ನಮ್ಮ ಆಕಾಶಗಂಗೆಯ ಧೂಳಿನಿಂದ ಬಂದುದೆಂದೂ ಆದಿಯ ಅಲೆಗಳಿಗೆ ಸಾಕ್ಷಿ ಸಾಲದೆಂದೂ 2015ರ ಆರಂಭದಲ್ಲಿ ಅವರೇ ಪ್ರಕಟಪಡಿಸಿದರು. ಆತುರವು ಅವರ ದೋಷ. ತಿದ್ದಿಕೊಂಡುದು ಅವರ ಗುಣ. ಕೃಷ್ಣರಂಧ್ರಕ್ಕೆ ಬಿದ್ದುದರ ವಿವರವೆಲ್ಲ ಶಾಶ್ವತವಾಗಿ ಅಳಿಯುತ್ತದೆಂದು ಸುಮಾರು ಮೂರು ದಶಕಗಳ ಕಾಲ ವಾದಿಸಿದ್ದ ಹಾಕಿಂಗರು 2004ರಲ್ಲಿ ಡಬ್ಲಿನ್ ನಗರದ ವಿದ್ವತ್ಸಭೆಯಲ್ಲಿ ತಮ್ಮ ಅಭಿಪ್ರಾಯವನ್ನು ಹಿಂತೆಗೆದುಕೊಂಡು, ಕಟ್ಟಿದ ಪಣವನ್ನೂ ಒಪ್ಪಿಸಿದರು. ಕೀರ್ತಿಯ ಶಿಖರದಲ್ಲಿದ್ದವನಿಗೆ ಇದು ಸಣ್ಣ ಕೆಲಸವಲ್ಲ.

ಸಂತೋಷದ ವಿಷಯವೆಂದರೆ ಬಾಗಿಲು ಈಗ ಬೇರೊಂದು ಕಡೆಯಿಂದ ತೆರೆಯುವ ಸೂಚನೆಯಿದೆ. ಮಹಾಯಂತ್ರಗಳಿಂದ ಪ್ಲಾಂಕ್ ಅಳತೆಗೆ ಇಳಿಯುವ ಆಸೆಯನ್ನು ಬಿಟ್ಟು, ಲಂಡನ್ನಿನ ಸೌಗತ ಬೋಸ್ ಮತ್ತು ಸಂಗಡಿಗರೂ, ಆಕ್ಸ್‌ಫರ್ಡಿನ ಮಾರ್ಲೆಟೊ ಮತ್ತು ವೆಡ್ರಾಲ್ ಎಂಬ ಇಬ್ಬರೂ 2017ರಲ್ಲಿ ಒಂದು ಸೂಕ್ಷ್ಮ ಪ್ರಯೋಗವನ್ನು ಸೂಚಿಸಿದರು. ವಜ್ರದ ಎರಡು ಅತಿಸಣ್ಣ ಹರಳುಗಳನ್ನು ಪ್ರತಿಯೊಂದೂ ಎರಡೆಡೆಯಲ್ಲಿ ಏಕಕಾಲದಲ್ಲಿರುವ ಸ್ಥಿತಿಯಲ್ಲಿ ನಿಲ್ಲಿಸಬೇಕು. ಅವುಗಳ ನಡುವೆ ಗುರುತ್ವವಲ್ಲದೆ ಬೇರೊಂದು ಸಂಪರ್ಕವಿರಕೂಡದು. ಆಗಲೂ ಅವೆರಡರ ನಡುವೆ ಕ್ವಾಂಟಂ ಹೆಣಿಗೆ ಉಂಟಾದರೆ, ಗುರುತ್ವವೂ ಕ್ವಾಂಟಂ ಸ್ವಭಾವದ್ದೇ ಎಂದು ತಿಳಿಯಲು ಬಲವಾದ ಆಧಾರ ದೊರೆಯುತ್ತದೆ. ಇನ್ನೊಂದೆಡೆ ಜೊನಾಥನ್ ಆಪನ್‌ಹೈಮ್ ಎಂಬವರು 2023ರಲ್ಲಿ, ಗುರುತ್ವಕ್ಕೆ ಕ್ವಾಂಟಂ ಸ್ವಭಾವವೇ ಇಲ್ಲದಿರಬಹುದೆಂಬ ಪಕ್ಷವನ್ನು ಮಂಡಿಸಿ, ಹಾಗಿದ್ದರೆ ವಸ್ತುಗಳ ತೂಕದಲ್ಲಿ ಸೂಕ್ಷ್ಮವಾದ ಅನಿಯತ ಏರಿಳಿತ ಕಾಣಬೇಕೆಂದು ತಮ್ಮ ಸೋಲಿನ ಬಾಗಿಲನ್ನೂ ತಾವೇ ತೋರಿಸಿದರು. ಆ ವಜ್ರದ ಪ್ರಯೋಗವು ಇನ್ನೂ ನಡೆದಿಲ್ಲ, ಅತ್ಯಂತ ಕಷ್ಟಸಾಧ್ಯ. ಆದರೂ ಸಾಕ್ಷಿಯನ್ನು ಹುಡುಕಿಕೊಂಡು ಹೋಗುವ ನಡೆಯೇ ನುಡಿಗೆ ಯೋಗ್ಯತೆಯನ್ನು ತರುತ್ತದೆ.

ಇನ್ನು ಕೇಳುವವರ ಧರ್ಮ. ದೇಶಕಾಲಗಳೇ ಮೂಲವಲ್ಲದಿರಬಹುದೆಂದು ವಿಜ್ಞಾನಿಗಳು ಊಹಿಸಿದೊಡನೆ, ನಮ್ಮ ಹಿರಿಯರು ಹೇಳಿದ ಶೂನ್ಯ, ಬಯಲು ಎಂಬವು ಪ್ರಯೋಗದಿಂದ ಸಿದ್ಧವಾದವೆಂದು ಉಪನ್ಯಾಸ ಮಾಡುವವರು ನಮ್ಮಲ್ಲಿ ಉಂಟು. ಅವರ ಅಭಿಮಾನವನ್ನು ನಾನು ಗೌರವಿಸುತ್ತೇನೆ. ಅವರ ನುಡಿಯನ್ನು ಒಪ್ಪಲಾರೆ. ಇದರಿಂದ ಎರಡು ಅಪಚಾರಗಳಾಗುತ್ತವೆ. ವಿಜ್ಞಾನಿಗಳು ಸಾಕ್ಷಿ ದೊರೆತಿಲ್ಲವೆಂದು ಹೇಳುತ್ತಿರುವಾಗ ದೊರೆಯಿತೆಂದು ನಾವು ಅವರ ಬಾಯಲ್ಲಿ ಹೇಳಿಸುವುದು ಮೊದಲನೆಯ ಅಪಚಾರ. ಎರಡನೆಯದು ಇನ್ನೂ ದೊಡ್ಡದು. ಶರಣರ ಬಯಲು ಸಾಧನೆಯಿಂದ ಅನುಭಾವಕ್ಕೆ ಬರತಕ್ಕದ್ದು. ಅದರ ಸಾಕ್ಷಿ ಸಾಧಕನ ಬಾಳಿನಲ್ಲಿದೆ, ಸುರಂಗದ ಯಂತ್ರದಲ್ಲಿಲ್ಲ. ಇಂದು ಎರವಲು ತಂದ ಒಡವೆಯನ್ನು ನಾಳೆ ಒಡೆಯನು ಕೇಳಿದರೆ ಹಿಂದಿರುಗಿಸಬೇಕಾಗುತ್ತದೆ. ತಂತುಪಕ್ಷವೋ ಕುಣಿಕೆಪಕ್ಷವೋ ನಾಳೆ ಬಿದ್ದುಹೋದರೆ, ಅದನ್ನು ಆಧಾರವೆಂದು ನಂಬಿಸಿದ ಭಕ್ತನ ನಿಷ್ಠೆಯನ್ನೂ ಕಳಚಿಡಬೇಕೇ?

ಗೃಹಸ್ಥರು, ಇದೆಲ್ಲ ಪಂಡಿತರ ವಿಚಾರ, ನಮಗೇನು ಎನ್ನಬಾರದು. ಮೇಲೆ ಹೇಳಿದ ಬ್ರಾನ್‌ಸ್ಟೈನನ ಕೊನೆಯನ್ನು ಕೇಳಿರಿ. 1937ರಲ್ಲಿ ಸ್ಟಾಲಿನ್ನನ ಆಳಿಕೆಯವರು ಅವನನ್ನು ಹುಸಿ ಆರೋಪದ ಮೇಲೆ ಸೆರೆಹಿಡಿದರು. ಮರುವರ್ಷದ ಫೆಬ್ರವರಿಯಲ್ಲಿ, ಇನ್ನೂ 31ರ ಹರೆಯದಲ್ಲಿ, ಅವನನ್ನು ಗುಂಡಿಟ್ಟು ಕೊಂದರು. ನಿರ್ದೋಷಿಯೆಂದು ಅವನ ಹೆಸರನ್ನು ತೊಳೆದುದು 1957ರಲ್ಲಿ. ನುಡಿಯ ಎಲ್ಲೆಯನ್ನು ಅಷ್ಟು ಎಚ್ಚರದಿಂದ ಅಳೆದವನನ್ನು ಪ್ರಮಾಣವಿಲ್ಲದ ನುಡಿಯೇ ಕೊಂದಿತು. ಗುಂಡು ಹಾರಿಸುವ ಅಧಿಕಾರ ನಮಗಿಲ್ಲದಿರಬಹುದು. ಆದರೆ ಹೆಣ್ಣು ಕೇಳಲು ಬಂದವರ ಮುಂದೆ ನೆರೆಮನೆಯ ಕನ್ಯೆಯ ವಿಷಯದಲ್ಲಿ ಕಂಡಂತೆ ಆಡಿದ ಕಾಣದ ಮಾತು, ಪಂಚಾಯಿತಿಯಲ್ಲಿ ಊಹೆಯಿಂದ ಹೊರಿಸಿದ ಕಳವು, ದಾಯಾದಿಯ ಮೇಲೆ ಹಬ್ಬಿಸಿದ ಸಂದೇಹ, ಇವೂ ಬಾಳುಗಳನ್ನು ಸುಡಬಲ್ಲವು.

ನುಡಿಗೂ ನಡೆಗೂ ಅಂತರವಿರಬಾರದೆಂಬುದು ನಮಗೆ ಪರಂಪರೆಯಿಂದ ಬಂದ ಉಪದೇಶ. ಆಡಿದಂತೆ ಮಾಡಬೇಕೆಂದಷ್ಟೇ ಅದಕ್ಕೆ ಅರ್ಥ ಮಾಡಿದರೆ ಅರ್ಧ ಹೇಳಿದಂತಾಯಿತು. ತಿಳಿದಷ್ಟನ್ನೇ ಆಡಬೇಕು, ತಿಳಿಯದುದನ್ನು ತಿಳಿಯದೆಂದೇ ಆಡಬೇಕು ಎಂಬುದು ಅದರ ಉಳಿದರ್ಧ. ರಾಗಿಯ ಕಾಳಿಗೂ ಪ್ರೋಟಾನಿಗೂ ನಡುವಣ ಅಂತರದಲ್ಲಿ ನಿಂತು, ಸಾಕ್ಷಿ ಬರುವವರೆಗೆ ಕಾಯುತ್ತೇವೆ ಎನ್ನುವ ವಿಜ್ಞಾನಿಯೂ, ಕಂಡುದನ್ನು ಕಂಡಷ್ಟೇ ಹೇಳುವ ಗೃಹಸ್ಥನೂ ಈ ಉಳಿದರ್ಧವನ್ನು ಪಾಲಿಸುತ್ತಿರುವವರೇ. ವಾಚಕ ಬಂಧುಗಳು ಇದನ್ನು ತಮ್ಮ ಮನೆಯ ಮಾತಿನಲ್ಲಿ ಮೊದಲು ಪರೀಕ್ಷಿಸಿ ನೋಡಬೇಕೆಂದು ವಿನಂತಿಸಿ ಲೇಖನವನ್ನು ಮುಗಿಸುತ್ತೇನೆ.